ಒಂದೇ ಮಾತ್ರೆ, ಎರಡು ರಕ್ತ

ಕರವಸ್ತ್ರವನ್ನು ತೊಟ್ಟಿಗೆ ಎಸೆದುಬಿಡಬಹುದಿತ್ತು. ಸೋಪಿನ ನೀರು ಒಂದು ಗೇಣು ದೂರದಲ್ಲೇ ನೊರೆಗಟ್ಟಿ ನಿಂತಿತ್ತು. ಒಮ್ಮೆ ಮುಳುಗಿಸಿ ಎತ್ತಿದರೆ ಸಾಕು, ಮಡಿಕೆಯೊಳಗಿನ ಗುಲಾಬಿ ಪುಡಿ ಯಾರ ಕಣ್ಣಿಗೂ ಬೀಳದೆ ಕರಗಿಹೋಗುತ್ತಿತ್ತು.

ಅಕ್ಕ ಎಸೆಯಲಿಲ್ಲ. ಮುಷ್ಟಿಯೊಳಗೆ ಬಿಗಿಯಾಗಿ ಹಿಡಿದುಕೊಂಡಳು.

"ಏನದು?" ಎಂದು ಬೆನ್ನ ಹಿಂದಿನಿಂದ ಇನ್ಸ್‌ಪೆಕ್ಟರ್ ಕೇಳಿದರು.

ಈ ಹೆಂಗಸು ಬಂದದ್ದೇ ತಿಳಿಯುವುದಿಲ್ಲ. ಎಡಗಿವಿ ಕೇಳದ ಕಾರಣ ಠಾಣೆಯವರು ಅವರನ್ನು ಮರೆಯಲ್ಲಿ ‘ಒಂಟಿಕಿವಿ’ ಎನ್ನುತ್ತಿದ್ದರಂತೆ. ಆ ಒಂದು ಕಿವಿ ಹತ್ತು ಕಿವಿಯ ಕೆಲಸ ಮಾಡುತ್ತದೆ ಎಂಬುದು ಈ ವಾರದಲ್ಲಿ ಅಕ್ಕನಿಗೆ ಚೆನ್ನಾಗಿ ಗೊತ್ತಾಗಿತ್ತು.

"ಬಟ್ಟೆ ಮೇಡಂ. ನಮ್ಮನೇದೇ."

"ಲಾಂಡ್ರೀಲಿ ಬಟ್ಟೆ ಇರೋದು ಸಹಜ. ಅದನ್ನ ಕಳ್ಳಮಾಲಿನ ಹಾಗೆ ಹಿಡ್ಕೊಂಡಿರೋದು ಸಹಜ ಅಲ್ಲ."

ಅಕ್ಕ ನಗಲು ಹೋದಳು. ತುಟಿ ಮಾತು ಕೇಳಲಿಲ್ಲ.

ರಕ್ತದ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿರುವ ತಮ್ಮನ ಮೈಯೊಳಕ್ಕೆ ಯಾರೋ ಕದ್ದುಮುಚ್ಚಿ ರಕ್ತ ತೆಳುವಾಗಿಸುವ ಮಾತ್ರೆ ಸೇರಿಸುತ್ತಿದ್ದಾರೆಂದು ಡಾಕ್ಟರು ಪೊಲೀಸರಿಗೆ ತಿಳಿಸಿದ ದಿನದಿಂದ ಈ ಮನೆಯಲ್ಲಿ ಯಾರೂ ಸರಿಯಾಗಿ ನಕ್ಕಿರಲಿಲ್ಲ.

ಚಿಕ್ಕಪ್ಪ ಒಬ್ಬರನ್ನು ಬಿಟ್ಟು. ಅವರು ಇಸ್ತ್ರಿ ಯಂತ್ರದ ಆವಿಯೊಳಗಿಂದ ತೋಳು ಮಡಚಿಕೊಂಡು ಹೊರಬಂದು, ಇನ್ಸ್‌ಪೆಕ್ಟರರ ಅಂಗಿಯನ್ನು ಮೇಲಿಂದ ಕೆಳಗೆ ನೋಡಿದರು.

"ಇನ್ಸ್‌ಪೆಕ್ಟ್ರೇ, ನಿಮ್ಮ ಕಾಲರಿಗೆ ಗಂಜಿ ಹಾಕೋನು ಯಾರು? ಇದನ್ನ ನೋಡಿದ್ರೆ ಕಳ್ಳರಿಗೆ ಧೈರ್ಯ ಬರುತ್ತೆ. ಬಿಚ್ಚಿ ಕೊಡಿ ಅನ್ನೋಕಾಗಲ್ಲ, ನಾಳೆ ಕಳಿಸ್ಕೊಡಿ."

"ಕಳಿಸ್ತೀನಿ. ಲಂಚ ಅಂತ ಯಾರೂ ಬರ್ಕೊಳ್ದೆ ಇದ್ರೆ."

"ಬರ್ಕೊಳ್ಳೋಕೆ ನಾನೇನು ಮಾಲೀಕನೇ? ಅಣ್ಣನ ಅಂಗಡಿ, ಅಣ್ಣನ ಮಗನ ಯಂತ್ರ. ನಾನು ಇಲ್ಲಿ ಇಸ್ತ್ರಿ ಪೆಟ್ಟಿಗೆಗಿಂತ ಒಂದು ಮೆಟ್ಟಿಲು ಕೆಳಗೆ. ಅದಕ್ಕಾದ್ರೂ ವರ್ಷಕ್ಕೊಮ್ಮೆ ರಿಪೇರಿ ಮಾಡಿಸ್ತಾರೆ." ಹೀಗೆಂದು ನಕ್ಕು, ಅಕ್ಕನ ತಲೆಯನ್ನು ಮೆಲ್ಲಗೆ ತಟ್ಟಿ, ಬಾಯ್ಲರ್ ಕಡೆಗೆ ಹೋದರು.

ಅವರ ಹೆಜ್ಜೆ ದೂರವಾಗುವವರೆಗೂ ಇನ್ಸ್‌ಪೆಕ್ಟರ್ ಕಾದರು. ಆಮೇಲೆ ಸುತ್ತಿ ಬಂದು ಅಕ್ಕನ ಎಡಕ್ಕೆ ನಿಂತು, ತಮ್ಮ ಬಲಗಿವಿಯನ್ನು ಅವಳ ಬಾಯಿಗೆ ಹತ್ತಿರ ತಂದರು.

"ಈಗ ಹೇಳಮ್ಮ."

ಹೇಳುವುದು ಏನನ್ನು? ಅಕ್ಕನಿಗೆ ಕಲೆಗಳ ನಡುವೆ ಅರ್ಧ ಆಯಸ್ಸು ಕಳೆದಿತ್ತು. ಕಾಫಿಯ ಕಲೆ, ಶಾಯಿಯ ಕಲೆ, ರಕ್ತದ ಕಲೆ. ಈಚೆಗೆ ಆಸ್ಪತ್ರೆಯಿಂದ ತಮ್ಮನ ದಿಂಬಿನ ಚೀಲ ಮನೆಗೆ ಬಂದಾಗಲೂ ಅವಳು ಮೊದಲು ಹೆದರಿದ್ದು ರಕ್ತ ನೋಡಿ ಅಲ್ಲ. ರಕ್ತಕ್ಕೆ ಅಂಚು ಇರುತ್ತದೆ, ಅಂಚಿನಲ್ಲಿ ಅದು ಗಟ್ಟಿಯಾಗಿ ಕಪ್ಪಾಗುತ್ತದೆ. ತಮ್ಮನ ವಸಡಿನಿಂದ ಬಿದ್ದ ರಕ್ತಕ್ಕೆ ಅಂಚೇ ಇರಲಿಲ್ಲ. ನೀರು ಚೆಲ್ಲಿದ ಹಾಗೆ ಹರಡಿ ಹರಡಿ ಮಂಕಾಗಿಹೋಗಿತ್ತು.

ಕಾಯಿಲೆಯೇ ಹಾಗೆ ಎಂದುಕೊಂಡಿದ್ದರು ಎಲ್ಲರೂ. ರಕ್ತ ಕಟ್ಟಲು ಬೇಕಾದ ಕಣಗಳು ಈ ಕಾಯಿಲೆಯಲ್ಲಿ ಕಡಿಮೆಯಾಗುತ್ತವೆ, ಸಣ್ಣ ಗೀರಿಗೂ ರಕ್ತ ನಿಲ್ಲುವುದಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಆದರೆ ಆ ಕಣಗಳು ಏರಿದ ಮೇಲೂ ರಕ್ತ ನಿಲ್ಲಲಿಲ್ಲ. ವಿಟಮಿನ್ ಕೆ ಇಂಜೆಕ್ಷನ್ ಕೊಟ್ಟರೆ ನಿಂತಿತು, ಎರಡು ದಿನಕ್ಕೆ ಮತ್ತೆ ಶುರುವಾಯಿತು. ಆಗಲೇ ಡಾಕ್ಟರ ಹುಬ್ಬು ಗಂಟಿಕ್ಕಿದ್ದು. ಅಮ್ಮನ ಎದೆ ತಡೆಯದೆಂದು ಅವಳಿಗೆ ಮಾತ್ರ ಮಾತ್ರೆಯ ವಿಷಯ ಯಾರೂ ಹೇಳಿರಲಿಲ್ಲ.

"ನಿಮ್ಮ ತಮ್ಮನ ಹೆಂಡತಿ ತರೋ ಊಟದ ಡಬ್ಬಿಗಳನ್ನೆಲ್ಲ ಪರೀಕ್ಷೆ ಮಾಡಿಸಿದೆ," ಎಂದರು ಇನ್ಸ್‌ಪೆಕ್ಟರ್. "ಏನೂ ಇಲ್ಲ."

"ಏನೂ ಇಲ್ವಾ?"

"ಬೇಜಾರಾಯ್ತಾ?"

ಅಕ್ಕ ತಲೆ ತಗ್ಗಿಸಿದಳು. ಆಗಿತ್ತು. ಗಂಡ ಹಾಸಿಗೆ ಹಿಡಿದಾಗಿನಿಂದ ಒಂದು ಹನಿ ಕಣ್ಣೀರು ಹಾಕದ ಆ ಹೆಂಗಸನ್ನೇ ಅಕ್ಕ ಮನಸ್ಸಿನಲ್ಲಿ ಕಟಕಟೆಗೆ ಹತ್ತಿಸಿ ವಾರವಾಗಿತ್ತು. ಅವಳೇ ಆಗಿದ್ದರೆ ಎಷ್ಟು ಸುಲಭವಿತ್ತು.

"ಆ ಮಾತ್ರೆ ಚೀಟಿ ಇಲ್ದೆ ಸಿಗಲ್ಲ. ಈ ಸುತ್ತಿನಲ್ಲಿ ಯಾರೂ ಹೊಸದಾಗಿ ಕೊಂಡಿಲ್ಲ. ನಿಮ್ಮನೇಲಿ ಅದನ್ನ ತಗೊಳ್ಳೋರು ಒಬ್ಬರೇ." ಇನ್ಸ್‌ಪೆಕ್ಟರ್ ಮಾತು ನಿಲ್ಲಿಸಿ ಅಕ್ಕನ ಮುಷ್ಟಿಯನ್ನು ನೋಡಿದರು. "ಅದು ನಿಮ್ಮಮ್ಮನ ಕರವಸ್ತ್ರ ತಾನೆ?"

ಅಕ್ಕನ ಬೆರಳುಗಳು ತಾವಾಗಿ ಸಡಿಲವಾದವು.

ಅಂಚಿಗೆ ನೀಲಿ ದಾರದ ಹೊಲಿಗೆ. ನಡುವೆ ಗಂಟು ಕಟ್ಟಿ ಬಿಚ್ಚಿದ ಸುಕ್ಕು. ಆ ಸುಕ್ಕಿನ ಒಳಗೆಲ್ಲ ಚಮಚದ ಬೆನ್ನಿನಿಂದ ಕುಟ್ಟಿದ ಗುಲಾಬಿ ಪುಡಿ. ಅಮ್ಮನ ಮಾತ್ರೆಯ ಬಣ್ಣ.

"ಬೇರೆ ಯಾರಾದ್ರೂ ಅವಳ ಕರವಸ್ತ್ರ ತಗೊಂಡು…"

"ಇರಬಹುದು."

"ಹೆತ್ತ ತಾಯಿ ಮೇಡಂ. ಅವನು ಕೆಮ್ಮಿದ್ರೆ ಇವಳಿಗೆ ಉಸಿರು ಕಟ್ಟುತ್ತೆ."

"ಇರಬಹುದು ಅಂದೆನಲ್ಲ." ಇನ್ಸ್‌ಪೆಕ್ಟರ್ ಕರವಸ್ತ್ರವನ್ನು ಲಕೋಟೆಗೆ ಹಾಕಿಕೊಂಡರು. "ನನಗೆ ಹೆದರಿಕೆ ಆಗ್ತಿರೋದು ಅದಕ್ಕಲ್ಲಮ್ಮ. ನೀನೇ ಯೋಚನೆ ಮಾಡು. ಆ ಮಾತ್ರೆ ನಿಮ್ಮಮ್ಮ ಯಾಕೆ ತಗೊಳ್ತಾರೆ?"

"ಎದೇಲಿ ಲೋಹದ ಕವಾಟ ಇದೆ. ಅದರಲ್ಲಿ ರಕ್ತ ಹೆಪ್ಪು ಕಟ್ಟಬಾರದು ಅಂತ."

"ಅವನ ಹೊಟ್ಟೆಗೆ ಹೋದ ಮಾತ್ರೆ ಅವರ ಹೊಟ್ಟೆಗೆ ಹೋಗಿಲ್ಲ. ಅವನ ರಕ್ತ ನೀರಾದಷ್ಟೂ ಅವರ ರಕ್ತ ಗಟ್ಟಿ. ಇದನ್ನ ಮಾಡಿದೋರು ಒಂದು ಮಾತ್ರೇಲಿ ಒಬ್ಬರನ್ನಲ್ಲ, ಇಬ್ಬರನ್ನ…"

ವಾಕ್ಯ ಮುಗಿಯುವ ಮೊದಲೇ ಅಕ್ಕ ಮೆಟ್ಟಿಲ ಬಳಿ ಇದ್ದಳು.

ಲಾಂಡ್ರಿಯ ಮೇಲೆಯೇ ಮನೆ. ಕೆಳಗಿನ ಆವಿಗೆ ಮೆಟ್ಟಿಲುಗಳು ಸದಾ ಬೆಚ್ಚಗೆ, ಜಾರುಜಾರು. ಚಿಕ್ಕಂದಿನಲ್ಲಿ ಅಕ್ಕನೂ ತಮ್ಮನೂ ಕಣ್ಣು ಮುಚ್ಚಿಕೊಂಡು ಹತ್ತುತ್ತಿದ್ದ ಮೆಟ್ಟಿಲು. ಇವತ್ತು ಅವಳು ಕಣ್ಣು ಬಿಟ್ಟುಕೊಂಡೇ ಎರಡು ಕಡೆ ಎಡವಿದಳು.

ಅಮ್ಮ ಕಿಟಕಿಯ ಬೆಳಕಿಗೆ ಕುಳಿತು ಯಾರದೋ ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು. ಬೇಡವೆಂದರೂ ಬಿಡದ ಕೆಲಸ. ಗಿರಾಕಿ ಕೇಳದಿದ್ದರೂ ಸಡಿಲವಾದ ಗುಂಡಿಯನ್ನು ಬಿಗಿಮಾಡಿಯೇ ಕಳಿಸುವಳು.

"ಏನೇ ಅದು, ಹಿಂದೆ ಬೆಂಕಿ ಬಿದ್ದೋಳ ಹಾಗೆ?" ಎಂದವಳು ಹಿಂದೆಯೇ ಬಂದ ಖಾಕಿಯನ್ನು ನೋಡಿ ಸೂಜಿಯನ್ನು ಬಟ್ಟೆಗೆ ಚುಚ್ಚಿ ನಿಲ್ಲಿಸಿದಳು. "ಬನ್ನಿ, ಕೂತ್ಕೊಳ್ಳಿ. ಯಾವ ಕಡೆ ಕೂತ್ರೆ ನಿಮಗೆ ಕೇಳ್ಸುತ್ತೆ?"

"ನೀವು ನಿಜ ಹೇಳಿದ್ರೆ ಯಾವ ಕಡೆಯಿಂದಾದ್ರೂ ಕೇಳ್ಸುತ್ತೆ," ಎಂದು ಇನ್ಸ್‌ಪೆಕ್ಟರ್ ಮೆತ್ತಗೆ ಹೇಳಿದರು. ಲಕೋಟೆಯಿಂದ ಕರವಸ್ತ್ರವನ್ನು ಅರ್ಧ ಎಳೆದು ತೋರಿಸಿದರು.

ಅಮ್ಮ ನೋಡಿದಳು. ಮುಖ ಬಿಳಿಚಿಕೊಳ್ಳಲಿಲ್ಲ. ಬಚ್ಚಿಟ್ಟ ತಿಂಡಿ ಸಿಕ್ಕಿಬಿದ್ದ ಮಗುವಿನಂತೆ ಸ್ವಲ್ಪ ನಾಚಿಕೆ, ಅಷ್ಟೆ.

ಕೋಣೆ ಒಂದು ಗಳಿಗೆ ಸದ್ದಿಲ್ಲದಂತಾಯಿತು. ಆಗ ಅಕ್ಕ ಇನ್ನೊಂದನ್ನು ಗಮನಿಸಿದಳು. ಮೊದಲೆಲ್ಲ ಅಮ್ಮನ ಎದೆಯ ಕವಾಟ ಟಿಕ್ ಟಿಕ್ ಎಂದು ಬಡಿಯುವುದು ಎದುರು ಕುಳಿತವರಿಗೂ ಕೇಳುತ್ತಿತ್ತು. ‘ಈ ಮನೆಗೆ ಬೇರೆ ಗಡಿಯಾರ ದಂಡ’ ಎಂದು ಅಪ್ಪ ಬದುಕಿದ್ದಷ್ಟು ದಿನವೂ ರೇಗಿಸುತ್ತಿದ್ದರು. ಈಗ ಉಸಿರು ಹಿಡಿದು ಕಿವಿಗೊಟ್ಟರೂ ಆ ಸದ್ದು ಸ್ಪಷ್ಟವಿರಲಿಲ್ಲ. ಗಡಿಯಾರವನ್ನು ದಪ್ಪ ಬಟ್ಟೆಯಲ್ಲಿ ಸುತ್ತಿಟ್ಟ ಹಾಗೆ.

"ಅಮ್ಮ," ಎಂದಳು ಅಕ್ಕ. "ನಿನ್ನ ಮಾತ್ರೆ ನೀನು ತಗೊಳ್ತಿದೀಯಾ?"

"ತಗೊಳ್ದೆ ಏನು."

"ನನ್ನ ಮುಖ ನೋಡಿ ಹೇಳು."

ಅಮ್ಮ ಮುಖ ನೋಡಲಿಲ್ಲ. ಅಷ್ಟರಲ್ಲಿ ಬಾಗಿಲಲ್ಲಿ ಚಿಕ್ಕಪ್ಪ ಕಾಣಿಸಿಕೊಂಡರು. ಮೆಟ್ಟಿಲ ಮೇಲಿನ ಓಟ ಕೇಳಿ ಬಂದಿರಬೇಕು, ಕೈಯಲ್ಲಿ ನೀರಿನ ಲೋಟ.

"ಏನಾಯ್ತು ಅತ್ತಿಗೆ? ಯಾಕೆ ಎಲ್ರೂ ನಿಮ್ಮನ್ನ ಸುತ್ಕೊಂಡಿದ್ದಾರೆ?"

"ಸ್ವಲ್ಪ ಕೆಳಗಿರ್ತೀರಾ?" ಎಂದರು ಇನ್ಸ್‌ಪೆಕ್ಟರ್.

"ಇರಲಿ ಬಿಡಿ," ಎಂದಳು ಅಮ್ಮ. "ಮನೆಯವನೇ. ಮುಚ್ಚಿಡೋಕೆ ನಾನೇನು ಕೊಲೆ ಮಾಡಿದೀನಾ?"

ಎಲ್ಲರ ಕಣ್ಣೂ ಕರವಸ್ತ್ರಕ್ಕೆ ಹೋಯಿತು. ಅಮ್ಮ ಒಬ್ಬೊಬ್ಬರ ಮುಖವನ್ನೂ ನೋಡಿದಳು.

"ಏನು? ಹಾಗ್ಯಾಕೆ ನೋಡ್ತೀರಿ? ನಾನು ಅವನಿಗೆ ಕೊಟ್ಟಿದ್ದು ವಿಷ ಅಲ್ಲ ಕಣೇ. ನನ್ನ ಪ್ರಾಣ ಕೊಟ್ಟೆ. ಇಷ್ಟು ವರ್ಷ ನನ್ನನ್ನ ಉಳಿಸಿದ ಮಾತ್ರೆ ಅದು. ಬೆಳಿಗ್ಗೆ ವಾರ್ಡಿಗೆ ಹೋದಾಗ ಹಾಲಲ್ಲಿ ಕದಡಿ ಕುಡಿಸ್ತಿದ್ದೆ, ಕಹಿ ಗೊತ್ತಾಗ್ದಿರಲಿ ಅಂತ ಸಕ್ಕರೆ ಜಾಸ್ತಿ ಹಾಕಿ. ಅವನ ರಕ್ತದಲ್ಲಿ ಬಿಳಿ ಕಣ ತುಂಬ್ಕೊಂಡು ರಕ್ತ ಗಂಜಿ ಥರ ಗಟ್ಟಿಯಾಗಿದೆಯಂತೆ. ಗಟ್ಟಿಯಾಗಿದ್ದನ್ನ ತೆಳು ಮಾಡೋದೇ ಈ ಮಾತ್ರೆ ಕೆಲಸ ಅಲ್ವಾ? ಇಬ್ಬರಿಗೂ ಸಾಲೋಷ್ಟು ಇರ್ಲಿಲ್ಲ. ನಂದು ಆಯ್ತು ಬಿಡು, ಉಂಡು ಉಟ್ಟು ಮುಗಿಸಿದೋಳು. ಅವನು ನಿನ್ನೆ ಮೊನ್ನೆ ಹುಟ್ಟಿದ ಕೂಸು."

ಅಕ್ಕ ಅಮ್ಮನ ಮೊಣಕಾಲಿನ ಬಳಿ ಕುಸಿದು ಕುಳಿತಳು. "ಅವನಿಗೆ ರಕ್ತ ನಿಲ್ತಾ ಇರ್ಲಿಲ್ಲ ಅಮ್ಮ. ಅದಕ್ಕೇ ನಿಲ್ತಾ ಇರ್ಲಿಲ್ಲ."

"ವಸಡಲ್ಲಿ ಬಂತು. ನೋಡಿ ಕೈಕಾಲು ನಡುಗ್ತು ನನಗೂ. ನಿಲ್ಲಿಸ್ಬಿಡ್ತೀನಿ ಅಂದೆ." ಅಮ್ಮನ ದನಿ ತೆಳುವಾಯಿತು. "ಕೆಟ್ಟ ರಕ್ತ ಹೊರಗೆ ಹೋಗ್ತಿದೆ, ಒಳ್ಳೇದಕ್ಕೇ, ಈಗ ನಿಲ್ಲಿಸಿದ್ರೆ ಮಗ ಕೈ ಬಿಟ್ಟು ಹೋಗ್ತಾನೆ ಅಂದ್ರು."

ಇನ್ಸ್‌ಪೆಕ್ಟರ್ ಮಂಡಿಯೂರಿದರು. ಬಲಗಿವಿ ಅಮ್ಮನ ಬಾಯಿಯ ಹತ್ತಿರ ಬಂತು.

"ಅಂದ್ರು ಅಂದ್ರೆ ಯಾರಮ್ಮ?"

ಅಮ್ಮ ಸೂಜಿಯ ದಾರವನ್ನು ಬೆರಳಿಗೆ ಸುತ್ತತೊಡಗಿದಳು.

"ಡಾಕ್ಟರಾ?"

"ಡಾಕ್ಟರಿಗೆ ಹೇಳ್ಬೇಡಿ ಅಂತಾನೇ ಹೇಳಿದ್ದು. ಅವರಿಗೆ ಅವರ ಔಷಧಾನೇ ದೊಡ್ಡದು, ಇದನ್ನ ಒಪ್ಪಲ್ಲ ಅಂತ. ನಾನು ಮಾತು ಕೊಟ್ಟಿದೀನಿ. ನನ್ನ ಮಗನ ಮೇಲೆ ಕೈಯಿಟ್ಟು."

"ಅತ್ತಿಗೆ, ಹೇಳಿಬಿಡಿ," ಎಂದರು ಚಿಕ್ಕಪ್ಪ, ಲೋಟವನ್ನು ಅವಳ ಕಡೆ ಚಾಚುತ್ತ. "ಮಾತಿಗಿಂತ ಮಗ ದೊಡ್ಡೋನು. ಮೊದಲು ನೀರು ಕುಡಿಯಿರಿ."

ಅಮ್ಮ ತಲೆಯೆತ್ತಿದಳು. ಎಲ್ಲವೂ ಅವಳಿಗೆ ಅರ್ಥವಾದ ಗಳಿಗೆ ಅದು. ಅಕ್ಕ ಅದನ್ನು ಕಣ್ಣಾರೆ ಕಂಡಳು. ಮೊದಲು ಹುಬ್ಬು ಮೇಲೇರಿತು, ಆಮೇಲೆ ತುಟಿ ತೆರೆಯಿತು, ಹೆಸರು ನಾಲಿಗೆಯ ತುದಿಗೆ ಬಂತು.

ಬಂದಲ್ಲೇ ನಿಂತಿತು.

ತುಟಿಯ ಬಲಬದಿ, ದಾರ ಕಿತ್ತ ಗುಂಡಿಯ ಹಾಗೆ, ಕೆಳಗೆ ಜೋತುಬಿತ್ತು. ಮಡಿಲಲ್ಲಿದ್ದ ಬಲಗೈ ತನ್ನದಲ್ಲವೆಂಬಂತೆ ಉರುಳಿತು. ಬಾಯಿಂದ ಸದ್ದು ಬಂತು, ಮಾತು ಬರಲಿಲ್ಲ. ಆ ಸದ್ದನ್ನು ಕೇಳಿ ಅಮ್ಮನೇ ಬೆಚ್ಚಿದಳು. ಮತ್ತೆ ಯತ್ನಿಸಿದಳು. ಅದೇ ಸದ್ದು. ಕಣ್ಣು ಮಾತ್ರ ಎಚ್ಚರವಾಗಿ, ಮುಳುಗುವವರ ಕಣ್ಣಿನಂತೆ, ಅಕ್ಕನ ಮುಖವನ್ನು ಹಿಡಿದುಕೊಂಡಿತು.

"ಹೆಪ್ಪು ಮಿದುಳಿಗೆ ಹೋಗಿದೆ," ಎಂದರು ಇನ್ಸ್‌ಪೆಕ್ಟರ್. "ಕೆಳಗೆ ನಿಮ್ಮ ಲಾಂಡ್ರಿ ವ್ಯಾನ್ ಇದೆಯಲ್ಲ, ಹತ್ತಿರದ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗಿ. ಕಾಯ್ಬೇಡಿ. ಹೇಳಿಕೊಟ್ಟೋರಿಗೆ ಇದು ಗೊತ್ತಾಗೋ ಮೊದಲು ನಾನು ಕ್ಯಾನ್ಸರ್ ಆಸ್ಪತ್ರೇಲಿ ನಿಮ್ಮ ತಮ್ಮನ ಹತ್ತಿರ ಇರಬೇಕು."

ಅವರು ಮೆಟ್ಟಿಲಿಳಿದ ರಭಸಕ್ಕೆ ಟೋಪಿ ಉರುಳಿ ಬಿತ್ತು. ಎತ್ತಿಕೊಳ್ಳಲು ನಿಲ್ಲಲಿಲ್ಲ.

ಚಿಕ್ಕಪ್ಪ ಅಮ್ಮನನ್ನು ಹೂವಿನ ಹಾಗೆ ಎತ್ತಿದರು. ಅಷ್ಟು ವಯಸ್ಸಿನಲ್ಲೂ ಒದ್ದೆ ಬಟ್ಟೆಯ ಮೂಟೆ ಹೊತ್ತು ಪಳಗಿದ ತೋಳು. ವ್ಯಾನಿನ ಹಿಂಭಾಗದಲ್ಲಿ ಹೋಟೆಲಿಗೆ ಹೋಗಬೇಕಿದ್ದ ಹಾಸಿಗೆ ಚಾದರಗಳ ಮೇಲೆ ಮಲಗಿಸಿದರು. ಅಕ್ಕ ಹತ್ತಿ ಅಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಹೊರಗಿನಿಂದ ಬಾಗಿಲು ಮುಚ್ಚಿ ಚಿಲಕ ಬಿತ್ತು. ಆ ಬಾಗಿಲಿಗೆ ಒಳಗಿನಿಂದ ಹಿಡಿಯೇ ಇಲ್ಲ. ಬಟ್ಟೆಗೆ ಏಕೆ ಹಿಡಿ?

ಅಕ್ಕನ ತಲೆಯಲ್ಲಿ ಒಂದೇ ಮುಖ. ತಮ್ಮನ ಹೆಂಡತಿ. ಡಬ್ಬಿಯಲ್ಲಿ ಏನೂ ಇರದಿದ್ದರೆ ಏನಂತೆ? ಅತ್ತೆಯ ಕಿವಿಯಲ್ಲಿ ಮಾತು ತುಂಬಿಸಲು ಡಬ್ಬಿ ಬೇಕೇ? ಅವಳು ಈಗ ತಮ್ಮನ ಪಕ್ಕದಲ್ಲೇ ಇದ್ದಾಳೆ. ಇನ್ಸ್‌ಪೆಕ್ಟರ್ ತಲುಪುವಷ್ಟರಲ್ಲಿ…

"ಚಿಕ್ಕಪ್ಪ, ಬೇಗ."

"ಬೇಗ ಹೋಗ್ತಿದೀನಿ ಮಗಳೇ."

ವ್ಯಾನು ನಿಂತಿತು. ಮುಂದಿನ ಕಿಂಡಿಯಲ್ಲಿ ಬಗ್ಗಿ ನೋಡಿದಳು. ಕೆಂಪು ದೀಪ. ಅಡ್ಡರಸ್ತೆಯಲ್ಲಿ ಒಂದು ನಾಯಿಯೂ ಇರಲಿಲ್ಲ.

"ಯಾರೂ ಇಲ್ವಲ್ಲ, ದಾಟಿ."

"ಅವಸರ ಮಾಡಿ ಎಲ್ಲಿಗಾದ್ರೂ ಗುದ್ದಿದ್ರೆ ಇರೋದೂ ಹೋಗುತ್ತೆ."

ದೀಪ ಹಸಿರಾಯಿತು. ವ್ಯಾನು ಮದುವೆ ಮೆರವಣಿಗೆಯ ಹಾಗೆ ಹೊರಟಿತು. ಅಮ್ಮನ ಎಡಗೈ ಅಕ್ಕನ ಮಣಿಕಟ್ಟನ್ನು ಹುಡುಕಿ ಹಿಡಿಯಿತು. ಅದರಲ್ಲಿ ಇನ್ನೂ ಬಲವಿತ್ತು. ಮಾತು ಅರ್ಥವಾಗುತ್ತಿದೆಯೇ ಎಂದು ಕೇಳಿದರೆ ಕಣ್ಣು ಮುಚ್ಚಿ ತೆರೆದಳು. ಅರ್ಥವಾಗುತ್ತಿದೆ. ಒಳಗೆ ಅಮ್ಮ ಪೂರ್ತಿ ಇದ್ದಾಳೆ, ಬಾಗಿಲಿಗೆ ಮಾತ್ರ ಹೊರಗಿನಿಂದ ಚಿಲಕ.

"ಮಗಳೇ," ಎಂದರು ಚಿಕ್ಕಪ್ಪ ಕನ್ನಡಿಯಲ್ಲಿ ನೋಡುತ್ತ. "ಅತ್ತಿಗೆ ಹೆಸರು ಏನಾದ್ರೂ ಹೇಳಿದ್ರಾ? ನನಗೆ ಸರಿಯಾಗಿ ಕೇಳಿಸ್ಲಿಲ್ಲ."

"ಇಲ್ಲ."

"ತುಟಿ ಅಲುಗಿತಲ್ಲ."

"ಇಲ್ಲ ಚಿಕ್ಕಪ್ಪ."

"ಸರಿ ಸರಿ. ಪಾಪ."

ವ್ಯಾನು ಎಡಕ್ಕೆ ತಿರುಗಿತು. ಆಸ್ಪತ್ರೆ ಇರುವುದು ಬಲಕ್ಕೆ.

"ಈ ಕಡೆ ಯಾಕೆ?"

"ಅಲ್ಲಿ ರಸ್ತೆ ಅಗೆದಿದ್ದಾರೆ."

ನಿನ್ನೆ ತಾನೆ ಅವಳು ಆ ರಸ್ತೆಯಲ್ಲೇ ನಡೆದು ಬಂದಿದ್ದಳು. ಯಾರೂ ಏನೂ ಅಗೆದಿರಲಿಲ್ಲ. ಇವತ್ತು ಅಗೆದಿರಬಹುದು ಎಂದುಕೊಂಡಳು. ಹಾಗೆ ಅಂದುಕೊಳ್ಳಲು ಬೇಕಾದಷ್ಟು ಬಲವನ್ನೆಲ್ಲ ಒಟ್ಟುಮಾಡಿಕೊಂಡು ಅಂದುಕೊಂಡಳು. ಏಕೆಂದರೆ ಇನ್ನೊಂದು ಯೋಚನೆ ಮನಸ್ಸಿನ ಹೊಸಿಲ ಮೇಲೆ ನಿಂತಿತ್ತು. ಅದನ್ನು ಒಳಗೆ ಕರೆದರೆ, ತಾನು ಮತ್ತು ಅಮ್ಮ ಹಿಡಿಯಿಲ್ಲದ ಬಾಗಿಲ ಹಿಂದೆ ಇದ್ದೇವೆ ಎಂಬುದನ್ನೂ ಕರೆಯಬೇಕಾಗುತ್ತಿತ್ತು.

ಕನ್ನಡಿಯಲ್ಲಿ ಚಿಕ್ಕಪ್ಪನ ಕಣ್ಣು ಮತ್ತೆ ಬಂತು.

"ನಿಜವಾಗ್ಲೂ ಏನೂ ಹೇಳ್ಲಿಲ್ವಾ?"

ತೊಡೆಯ ಮೇಲೆ ಅಮ್ಮನ ತಲೆ ಸಣ್ಣಗೆ ನಡುಗುತ್ತಿತ್ತು.

ಅಂತೂ ಆಸ್ಪತ್ರೆ ಬಂತು. ಬಾಗಿಲು ತೆರೆದು ಬೆಳಕು ಬಿದ್ದಾಗ ಅಕ್ಕ ಬಾವಿಯಿಂದ ಮೇಲೆ ಬಂದವಳಂತೆ ಉಸಿರೆಳೆದುಕೊಂಡಳು. "ಸ್ಟ್ರೆಚರ್ ತನ್ನಿ," ಎಂದು ಒಳಗೆ ಓಡಿದಳು. ಓಡಿ ತಿರುಗಿ ನೋಡಿದಾಗ ಚಿಕ್ಕಪ್ಪ ವ್ಯಾನಿನೊಳಕ್ಕೆ ಬಾಗಿದ್ದರು. ಚಾದರ ಸರಿಮಾಡುತ್ತಿದ್ದವರ ಬಾಯಿ ಅಮ್ಮನ ಕಿವಿಯ ಬಳಿ ಇತ್ತು. ತುಟಿ ಅಲುಗುತ್ತಿತ್ತು. ಸಮಾಧಾನ ಹೇಳುತ್ತಿರಬೇಕು.

ತುರ್ತು ಕೋಣೆಯಲ್ಲಿ ಡಾಕ್ಟರು ಚಿಕ್ಕ ವಯಸ್ಸಿನವರು, ಆದರೆ ಕೈ ಚುರುಕು. ಬೆಳಕು ಬಿಟ್ಟು ಕಣ್ಣು ನೋಡಿದರು, ಕೈ ಎತ್ತಿಸಿದರು, ತಲೆಯ ಸ್ಕ್ಯಾನ್ ಮಾಡಿಸಿದರು. ಮಿದುಳಿನಲ್ಲಿ ರಕ್ತ ಸೋರಿಲ್ಲ, ಹೆಪ್ಪು ಸಿಕ್ಕಿಕೊಂಡಿದೆ.

"ಹೆಪ್ಪು ಕರಗಿಸೋ ಇಂಜೆಕ್ಷನ್ ಇದೆ," ಎಂದರು. "ಈಗಲೇ ಕೊಟ್ರೆ ಮಾತು ವಾಪಸ್ ಬರಬಹುದು. ತಡ ಆದಷ್ಟೂ ಕಷ್ಟ. ಒಂದೇ ಪ್ರಶ್ನೆ, ಸರಿಯಾಗಿ ಯೋಚನೆ ಮಾಡಿ ಹೇಳಿ. ಎದೆ ಮೇಲೆ ಕವಾಟದ ಆಪರೇಷನ್ ಗುರುತು ಇದೆ. ರಕ್ತ ತೆಳು ಮಾಡೋ ಮಾತ್ರೆ ತಗೊಳ್ತಾರಾ? ತಗೊಳ್ತಿದ್ರೆ ಈ ಇಂಜೆಕ್ಷನ್ನಿಂದ ಮಿದುಳಲ್ಲೇ ರಕ್ತ ಒಡೆದು…"

"ತಗೊಳ್ತಾರೆ," ಎಂದರು ಚಿಕ್ಕಪ್ಪ. "ತಪ್ಪದೆ. ಇವತ್ತು ಬೆಳಿಗ್ಗೆ ಕೂಡ. ನಾನೇ ನೀರು ಕೊಟ್ಟೆ."

ಹೊಸಿಲ ಮೇಲೆ ನಿಂತಿದ್ದ ಯೋಚನೆ ಕರೆಯದೆಯೇ ಒಳಗೆ ಬಂದು ಕುಳಿತಿತು.

ಅವರು ಬಾಗಿಲಲ್ಲಿ ನಿಂತಿದ್ದರು. ಲೋಟ ಹಿಡಿದು ನಿಂತಿದ್ದರು. ಅಮ್ಮ ಹೇಳಿದ್ದರಲ್ಲಿ ಒಂದಕ್ಷರ ಬಿಡದೆ ಕೇಳಿಸಿಕೊಂಡಿದ್ದರು.

"ಸುಳ್ಳು," ಎಂದಳು ಅಕ್ಕ. ಅವಳ ದನಿ ಅವಳಿಗೇ ದೂರದಿಂದ ಬಂದಂತಿತ್ತು. "ಡಾಕ್ಟ್ರೇ, ಅಮ್ಮ ಮಾತ್ರೆ ಬಿಟ್ಟು ಬಹಳ ದಿನ ಆಯ್ತು. ಅವಳೇ ಈಗ ಹೇಳಿದ್ಲು. ಇವರ ಮುಂದೇನೇ ಹೇಳಿದ್ಲು."

ಡಾಕ್ಟರು ಇಬ್ಬರನ್ನೂ ನೋಡಿದರು.

ಚಿಕ್ಕಪ್ಪನಿಗೆ ಸಿಟ್ಟು ಬರಲಿಲ್ಲ. ಅಕ್ಕನ ಹೆಗಲ ಮೇಲೆ ಕೈಯಿಟ್ಟರು. ಶಾಲೆಗೆ ಬಿಡುವಾಗ ಇಡುತ್ತಿದ್ದ ಅದೇ ಕೈ. "ಪಾಪ, ನಿದ್ದೆಗೆಟ್ಟಿದ್ದಾಳೆ ಡಾಕ್ಟ್ರೇ. ತಮ್ಮ ಕ್ಯಾನ್ಸರ್ ವಾರ್ಡಲ್ಲಿ, ಮನೇಲಿ ಪೊಲೀಸರು. ಯಾರು ಏನು ಹೇಳಿದ್ರು ಅಂತ ನೆನಪಿರೋ ಸ್ಥಿತಿಯಲ್ಲಿಲ್ಲ. ಇವಳ ಮಾತು ಕೇಳಿ ಇಂಜೆಕ್ಷನ್ ಕೊಟ್ಟು ನಾಳೆ ಏನಾದ್ರೂ ಆದ್ರೆ, ತಾಯಿನ ಕೊಂದೆ ಅಂತ ಇವಳು ಬದುಕೋಕಾಗುತ್ತಾ?"

"ಕೈ ತೆಗೀರಿ," ಎಂದಳು ಅಕ್ಕ.

"ನೋಡಿದ್ರಾ?"

"ರಕ್ತ ಪರೀಕ್ಷೆಗೆ ಕಳಿಸಿದ್ದೀನಿ," ಎಂದರು ಡಾಕ್ಟರು. "ರಿಪೋರ್ಟ್ ಬಂದ್ರೆ ಗೊತ್ತಾಗುತ್ತೆ. ಆದ್ರೆ ಅಲ್ಲಿವರೆಗೆ ಮಿದುಳು ಕಾಯಲ್ಲ. ಮಾತ್ರೆ ತಗೊಂಡಿಲ್ಲ ಅಂತ ಖಚಿತ ಆದ್ರೆ ನಾನು ಈ ನಿಮಿಷ ಶುರು ಮಾಡ್ತೀನಿ."

ಅಕ್ಕ ಫೋನು ತೆಗೆದು ಇನ್ಸ್‌ಪೆಕ್ಟರಿಗೆ ಕರೆ ಮಾಡಿದಳು. ರಿಂಗಾಯಿತು, ರಿಂಗಾಗುತ್ತಲೇ ಇತ್ತು. ರಸ್ತೆಯ ಗದ್ದಲದಲ್ಲಿ ಆ ಒಂದು ಕಿವಿಗೆ ಕೇಳುತ್ತಿಲ್ಲವೇನೋ. ಮತ್ತೆ ಮಾಡಿದಳು.

"ಅವಳನ್ನೇ ಕೇಳಿ," ಎಂದಳು ತಟ್ಟನೆ. "ಅಮ್ಮನಿಗೆ ಮಾತು ಬರಲ್ಲ ಅಷ್ಟೆ. ಎಲ್ಲ ತಿಳಿಯುತ್ತೆ. ಅವಳನ್ನೇ ಕೇಳಿ."

ಡಾಕ್ಟರು ಹಾಸಿಗೆಯ ಮೇಲೆ ಬಾಗಿದರು. ನರ್ಸು ಇಂಜೆಕ್ಷನ್ನಿನ ತಟ್ಟೆ ಹಿಡಿದು ಸಿದ್ಧಳಾಗಿ ನಿಂತಳು.

"ಅಮ್ಮಾ, ನಾನು ಹೇಳೋದು ಗೊತ್ತಾಗ್ತಿದೆಯಾ? ಎಡಗೈ ಎತ್ತಿ. ಸರಿ. ಕಣ್ಣು ಮುಚ್ಚಿ. ಸರಿ. ಈಗ ನಾನು ಕೇಳೋದಕ್ಕೆ ಹೌದು ಅಂದ್ರೆ ತಲೆ ಹೀಗೆ ಆಡಿಸಿ, ಇಲ್ಲ ಅಂದ್ರೆ ಹೀಗೆ. ನಿಮ್ಮ ಎದೆ ಮಾತ್ರೆನ ದಿನಾ ತಗೊಳ್ತಿದ್ರಾ?"

ಅಮ್ಮ ಅಕ್ಕನ ಕಡೆ ನೋಡಿದಳು. ಆ ನೋಟದಲ್ಲಿ ಮಂಕು ಇರಲಿಲ್ಲ, ಗಲಿಬಿಲಿ ಇರಲಿಲ್ಲ. ಕ್ಷಮಿಸು ಎನ್ನುವವರ ಕಣ್ಣು ಹೇಗಿರುತ್ತದೋ ಹಾಗಿತ್ತು. ಒಂದು ಹನಿ ಕಿವಿಯ ಕಡೆಗೆ ಜಾರಿತು.

ಆಮೇಲೆ ಚಿಕ್ಕಪ್ಪನ ಕಡೆ ನೋಡಿದಳು.

ಹೌದು ಎಂದು ತಲೆಯಾಡಿಸಿದಳು.

"ಇವತ್ತು ಬೆಳಿಗ್ಗೆನೂ?"

ಹೌದು. ಯಾರಿಗೂ ಅನುಮಾನ ಉಳಿಯದಂತೆ, ಇನ್ನೊಮ್ಮೆ, ಜೋರಾಗಿ.

"ರಿಪೋರ್ಟ್ ಬರ್ಲಿ," ಎಂದರು ಡಾಕ್ಟರು. ನರ್ಸು ತಟ್ಟೆಯನ್ನು ಮೇಜಿನ ಮೇಲಿಟ್ಟಳು. ಉಕ್ಕಿಗೆ ಉಕ್ಕು ತಾಗಿದ ಸದ್ದು ಅಕ್ಕನ ಹಲ್ಲಿನವರೆಗೂ ಬಂತು. ಡಾಕ್ಟರು ಲ್ಯಾಬಿಗೆ ಅವಸರ ಮಾಡಲು ಹೊರಗೆ ಹೋದರು, ನರ್ಸೂ ಹಿಂದೆಯೇ ಹೋದಳು.

ಪರದೆಯ ಒಳಗೆ ಮೂವರೇ ಉಳಿದರು. ಚಿಕ್ಕಪ್ಪ ಅಮ್ಮನ ಹೊದಿಕೆಯ ಸುಕ್ಕನ್ನು ಅಂಗೈಯಿಂದ ನೀವತೊಡಗಿದರು. ಒಂದು ತುದಿಯಿಂದ ಇನ್ನೊಂದು ತುದಿಗೆ, ನಿಧಾನವಾಗಿ, ಇಸ್ತ್ರಿ ಮಾಡುವವರ ಹಾಗೆ.

"ಅಮ್ಮನ ಕಿವೀಲಿ ಏನು ಹೇಳಿದ್ರಿ?" ಅಕ್ಕನಿಗೆ ಪಿಸುಮಾತಷ್ಟೇ ಬಂತು.

ಚಿಕ್ಕಪ್ಪ ತಲೆಯೆತ್ತಲಿಲ್ಲ. ಮೂಲೆಯಲ್ಲಿ ಉಳಿದಿದ್ದ ಕೊನೆಯ ಸುಕ್ಕನ್ನೂ ನೀವಿದರು.

"ನಿಮ್ಮಮ್ಮನಿಗೆ ನಾನು ಯಾವತ್ತೂ ಸುಳ್ಳು ಹೇಳಿದೋನಲ್ಲ ಮಗಳೇ. ಇರೋದನ್ನೇ ಹೇಳಿದೆ. ನಿನ್ನ ತಮ್ಮನ ಹಾಸಿಗೆ ಪಕ್ಕದಲ್ಲಿ ಈಗ ಯಾರು ಕೂತಿದ್ದಾರೆ, ಫೋನಲ್ಲಿ ನನ್ನ ಒಂದು ಮಾತಿಗೆ ಹೇಗೆ ಕಾಯ್ತಾ ಕೂತಿದ್ದಾರೆ ಅಂತ."